ಪೆಟ್ಟಿಗೆಯನ್ನು ಮಾತಾಡಿಸಿದವರು

ಹೋದ ತಿಂಗಳು ಚಾಚಾ ತೀರಿಕೊಂಡರು. ಸುದ್ದಿ ತಿಳಿದು ನಾನು ಮನೆಗೆ ಹೋದಾಗ ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಒಂದು ಮಾತು ಹೇಳಿ ನನ್ನನ್ನು ನಗಿಸಿಬಿಟ್ಟರು. ಆಸ್ಪತ್ರೆಯಲ್ಲಿ ನರ್ಸಮ್ಮ ಇವರ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಅದರ ವೈರನ್ನು ತಲೆದೆಸೆಯ ಯಂತ್ರಕ್ಕೆ ಚುಚ್ಚಿದಳಂತೆ. ಉಸಿರಾಡುವುದೇ ಕಷ್ಟವಾಗಿದ್ದ ಮನುಷ್ಯ ಅವಳನ್ನು ಸನ್ನೆ ಮಾಡಿ ಹತ್ತಿರ ಕರೆದರು. ಏನೋ ಕೊನೆಯ ಆಸೆ ಇರಬೇಕೆಂದು ಎಲ್ಲರೂ ಬಗ್ಗಿ ಕಿವಿಗೊಟ್ಟರು. ಈ ಕ್ಲಿಪ್ಪು ಸೆಕೆಂಡಿಗೆ ಎಷ್ಟು ಸಲ ಮಾತಾಡುತ್ತೆ ಎಂದು ಚಾಚಾ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿಕೊಂಡು ಬಾ ಎಂದು ಕಳಿಸಿದರಂತೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ಸಲ ಕಾಲೇಜಿನ ಸಂಚಿಕೆಗೆ ನಿಮ್ಮ ಬಗ್ಗೆ ಬರೀತೀನಿ ಚಾಚಾ ಅಂದಿದ್ದಕ್ಕೆ, ಬರೀರಿ, ಹೆಸರು ಮಾತ್ರ ಹಾಕಬ್ಯಾಡ್ರಿ, ಆಮೇಲೆ ಊರೋರೆಲ್ಲ ಮಿಕ್ಸಿ ಹೊತ್ಕೊಂಡು ಬರ್ತಾರೆ ಅಂದಿದ್ದರು. ಆ ಭಯಕ್ಕೆ ಕಾರಣವಿತ್ತು. ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಅವರದೊಂದು ಸಣ್ಣ ಅಂಗಡಿ. ಗೋಡೆಯ ಮೊಳೆಗಳಿಂದ ವೈರುಗಳು ಪಡವಲಕಾಯಿಯಂತೆ ಜೋತುಬಿದ್ದಿರುತ್ತಿದ್ದವು. ಹೊರಗಿನಿಂದ ನೋಡಿದರೆ ಎಲ್ಲ ರಿಪೇರಿ ಅಂಗಡಿಯ ಹಾಗೆ ಇದೂ ಒಂದು. ಆದರೆ ಚಾಚಾ ಕೆಟ್ಟ ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಯಂತ್ರವೂ ಚೆನ್ನಾಗಿದ್ದು, ಕಂಪ್ಯೂಟರೂ ಚೆನ್ನಾಗಿದ್ದು, ಇಬ್ಬರಿಗೂ ಮಾತು ನಿಂತುಹೋಗಿದ್ದರೆ ಆಗ ಮಾತ್ರ ಅವರ ಹತ್ತಿರ ಹೋಗಬೇಕು. ತೂಕದ ಯಂತ್ರ, ಬಿಲ್ಲು ಮುದ್ರಿಸುವ ಯಂತ್ರ, ಬೆರಳಚ್ಚಿನ ಯಂತ್ರ, ಹೀಗೆ ವೈರು ಚುಚ್ಚಿ ಕಂಪ್ಯೂಟರಿಗೆ ಸೇರಿಸುವ ಯಾವುದೇ ಆಗಲಿ, ಅದಕ್ಕೊಂದು ಪ್ರೋಗ್ರಾಮು ಬರೆದು ಮತ್ತೆ ಮಾತಿಗೆ ಕೂರಿಸುವುದು ಅವರ ಕಸುಬು. ಗಂಡಹೆಂಡಿರ ನಡುವೆ ರಾಜಿ ಮಾಡಿಸುವ ಪಂಚರ ಕೆಲಸ ಅನ್ನಿ.

ನಾನು ಅದೇ ಊರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಹುಟ್ಟಿದ್ದು ನನ್ನಿವಾಳದಲ್ಲಿ. ನನ್ನ ಕೈ ಸ್ವಲ್ಪ ದುಡುಕು, ಬಾಯಿ ಅದಕ್ಕಿಂತ ದುಡುಕು ಎಂದು ನಮ್ಮವ್ವನೇ ಊರೆಲ್ಲ ಹೇಳಿಕೊಂಡು ಬಂದವಳು. ಚಾಚಾ ನನಗೆ ಮೊದಲು ಸಿಕ್ಕಿದ್ದು ಈ ಎರಡು ಗುಣಗಳ ದೆಸೆಯಿಂದಲೇ. ನಮ್ಮ ಕಾಲೇಜಿಗೆ ಹಾಜರಾತಿಗೆಂದು ಬೆರಳಚ್ಚಿನ ಯಂತ್ರ ತಂದಿದ್ದರು. ಚುಚ್ಚಿದರೆ ಕಂಪ್ಯೂಟರಿಗೆ ಅದರ ಗುರುತೇ ಹತ್ತದು. ನಾನು ಕಿತ್ತೆ, ಚುಚ್ಚಿದೆ, ಮತ್ತೆ ಕಿತ್ತೆ. ಕಳಿಸಿದವನಿಗೆ ಫೋನಿನಲ್ಲಿ ಬೈದೆ. ಕೊನೆಗೆ ಯಾರೋ ಚಾಚಾನನ್ನು ಕರೆತಂದರು. ಎಣ್ಣೆ ಹಚ್ಚಿ ಬಾಚಿದ ಬಿಳಿ ಕೂದಲು, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ, ಬಾಯಲ್ಲಿ ಏಲಕ್ಕಿ. ಅವರು ಬಾಗಿಲಲ್ಲೇ ನಿಂತು ನನ್ನ ಆಟವನ್ನೆಲ್ಲ ನೋಡಿದ್ದರು.

“ಹತ್ತು ಸಲ ಬಾಗಿಲು ಬಡಿದ್ರಿ ಮೇಡಂ. ಯಾರಪ್ಪಾ ನೀನು ಅಂತ ಒಂದು ಸಲಾನಾರ ಕೇಳಿದ್ರಾ?”

ನನಗೆ ರೇಗಿತು. ಆದರೆ ಅವರು ನನ್ನ ಕುರ್ಚಿಯಲ್ಲಿ ಕೂತು ನಾಲ್ಕು ಸಾಲಿನ ಪ್ರೋಗ್ರಾಮು ಬರೆದು ತೋರಿಸಿದ್ದನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಯಾವ ಯಂತ್ರವನ್ನೇ ಚುಚ್ಚಿ, ಅದು ಮೊದಲು ತನ್ನ ಎರಡು ಸಂಖ್ಯೆ ಹೇಳುತ್ತದೆ. ಒಂದು ತಯಾರಿಸಿದವರದು, ಇನ್ನೊಂದು ಅದರದೇ. ಚಾಚಾ ಇವನ್ನು ಮನೆತನ ಮತ್ತು ಹೆಸರು ಅನ್ನುತ್ತಿದ್ದರು. ನಮ್ಮ ಯಂತ್ರದ ಮನೆತನ ಅದರ ಜೊತೆ ಬಂದ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಬೇರೆಯಿತ್ತು. ಪೆಟ್ಟಿಗೆಯ ಮೇಲೆ ಯಾರದೋ ಹೆಸರು ಅಂಟಿಸಿ ಇನ್ಯಾರದೋ ಯಂತ್ರ ಕಳಿಸಿದ್ದರು. ಎರಡು ಸಂಖ್ಯೆ ತಿದ್ದಿದ್ದೇ ತಡ, ಯಂತ್ರದ ಹಸಿರು ದೀಪ ಹತ್ತಿತು. ಈ ಮನೆತನ, ಹೆಸರಿನ ಪಾಠವನ್ನು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಒಂದು ಯಂತ್ರ ನಿಜವಾಗಿ ತನ್ನ ಹೆಸರು ಹೇಳಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದು ಅವತ್ತೇ.

ಅಲ್ಲಿಂದ ಮುಂದೆ ಶನಿವಾರ ಮಧ್ಯಾಹ್ನ ಅವರ ಅಂಗಡಿಗೆ ಹೋಗುವುದು ನನಗೆ ಚಟವಾಯಿತು. ಅವರ ಬಳಿ ಒಂದು ಉದ್ದನೆಯ ನೋಟುಪುಸ್ತಕವಿತ್ತು. ಕೈಗೆ ಬಂದ ಪ್ರತಿ ಯಂತ್ರದ ಮನೆತನ, ಹೆಸರು, ಮುಂದೆ ಅದರ ಸ್ವಭಾವ. ಸ್ವಭಾವವನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು, ನಾನು ಕೇಳಿದರೆ ಓದಿ ಹೇಳುತ್ತಿದ್ದರು. ಇದು ಕೋಪಿಷ್ಠ, ಬೇಗ ಬೇಗ ಕೇಳಿದರೆ ಮುನಿಸಿಕೊಳ್ಳುತ್ತೆ. ಇದಕ್ಕೆ ಕಿವಿ ಮಂದ, ಎರಡು ಸಲ ಹೇಳಬೇಕು. ಇದು ಒಳ್ಳೆ ಮನೆತನದ್ದೇ, ಆದರೆ ಮಧ್ಯಾಹ್ನ ಬಿಸಿಯಾದಾಗ ಸುಳ್ಳು ಹೇಳುತ್ತೆ. ನಾನು ನಗುತ್ತಿದ್ದೆ. ಆಮೇಲೆ ಪರೀಕ್ಷಿಸಿ ನೋಡಿದರೆ ಒಂದಕ್ಷರ ತಪ್ಪಿರುತ್ತಿರಲಿಲ್ಲ.

ಓದಿದ್ದು ಏಳನೇ ಕ್ಲಾಸು. ಇಂಗ್ಲಿಷಿನ ವಾಕ್ಯ ಅವರಿಗೆ ಓದಲು ಬರುತ್ತಿರಲಿಲ್ಲ. ಪ್ರೋಗ್ರಾಮಿಗೆ ಬೇಕಾದ ಐವತ್ತು ಅರವತ್ತು ಪದಗಳನ್ನು ಚಿತ್ರಗಳ ಹಾಗೆ ಗುರುತಿಟ್ಟುಕೊಂಡಿದ್ದರು. ಯಂತ್ರಗಳ ಮಾತನ್ನು ಹದಿನಾರರ ಲೆಕ್ಕದಲ್ಲಿ ಓದಬೇಕಾಗುತ್ತದೆ, ನಮ್ಮ ಮಕ್ಕಳಿಗೆ ಅದನ್ನು ಕಲಿಸುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತದೆ. ಚಾಚಾ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿಸಿ ಥಟ್ಟನೆ ಹೇಳಿಬಿಡುತ್ತಿದ್ದರು. ಒಂದು ಬೆರಳಿಗೆ ನಾಲ್ಕು, ನಾಲ್ಕು ಬೆರಳಿಗೆ ಹದಿನಾರು. ಶೇಂಗಾ ಮಂಡಿಯಲ್ಲಿ ಅವರ ತಂದೆ ಮೂಟೆ ಎಣಿಸುತ್ತಿದ್ದದ್ದು ಹಾಗೆಯೇ ಅಂತೆ. ಒಮ್ಮೆ ನನ್ನ ತರಗತಿಗೆ ಕರೆದುಕೊಂಡು ಹೋಗಿ ಮಕ್ಕಳ ಜೊತೆ ಪಂದ್ಯ ಕಟ್ಟಿಸಿದೆ. ಮಕ್ಕಳು ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಚಾಚಾ ಉತ್ತರ ಹೇಳಿ ಏಲಕ್ಕಿ ಸಿಪ್ಪೆ ಸುಲಿಯುತ್ತಿದ್ದರು.

ದೇವಸಮುದ್ರದ ಕಡೆಯ ಕುರಿಗಾಹಿಗಳಿಗೆ ಅವರು ಮಾಡಿಕೊಟ್ಟ ತೂಕದ ಯಂತ್ರದ ಕಥೆಯನ್ನೂ ಹೇಳಬೇಕು. ಕುರಿ ತೂಗಿದಾಗ ಅಂಕಿ ಬರುತ್ತದೆ, ಆದರೆ ಓದಲು ಬಾರದ ಮುದುಕರು ಏನು ಮಾಡಬೇಕು? ಚಾಚಾ ತೂಕದ ಯಂತ್ರದ ವೈರನ್ನು ಒಂದು ಹಳೇ ಕಂಪ್ಯೂಟರಿಗೆ ಚುಚ್ಚಿ, ಬಂದ ಅಂಕಿಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಗಟ್ಟಿಯಾಗಿ ಕೂಗಿ ಹೇಳುವಂತೆ ಮಾಡಿದರು. ದನಿ ಅವರ ಹೆಂಡತಿಯದು. ಆಯಮ್ಮ ಅಡುಗೆ ಮನೆಯಲ್ಲಿ ಕೆಲಸದ ನಡುವೆ ಸಿಡುಕಿಕೊಂಡು ಹೇಳಿದ ಅಂಕಿಗಳವು. ಕುರಿ ಹತ್ತಿಸಿದರೆ ಸಾಕು, ಇಪ್ಪತ್ತೆರಡೂವರೆ ಎಂದು ಗದರುತ್ತಿತ್ತು. ಸಾಬ್ರ ಮನೆಯೋರು ನಮ್ಮ ಕುರಿಗೆ ಬೈತಾರೆ ಎಂದು ಕುರಿಗಾಹಿಗಳು ನಗುತ್ತಿದ್ದರು. ಆದರೆ ಆ ಬೈಗುಳದ ತೂಕವನ್ನು ಬಿಟ್ಟು ಬೇರೆ ಯಾವ ತೂಕವನ್ನೂ ಅವರು ನಂಬುತ್ತಿರಲಿಲ್ಲ.

ಚಾಚಾನಲ್ಲಿ ಹುಳುಕುಗಳೂ ಇದ್ದವು, ಮುಚ್ಚಿಡುವುದಿಲ್ಲ. ಇವತ್ತು ಅಂದರೆ ಮುಂದಿನ ವಾರ. ಬರೆದ ಪ್ರೋಗ್ರಾಮಿನಲ್ಲಿ ಇನ್ನೊಬ್ಬರಿಗೆ ಅರ್ಥವಾಗುವ ಒಂದು ಟಿಪ್ಪಣಿ ಇರುತ್ತಿರಲಿಲ್ಲ. ಯಾರಾದರೂ ಮುಂಚೆ ಹೇಳದೆ ಪೆನ್‌ಡ್ರೈವ್ ಕಿತ್ತರೆ ಅವತ್ತಿಡೀ ಅವರ ಜೊತೆ ಮಾತಿಲ್ಲ. ಎದ್ದು ಹೋಗೋ ಮುಂಚೆ ಹೋಗಿ ಬರ್ತೀನಿ ಅನ್ನಲ್ವಾ ನೀವು ಎಂದು ನನ್ನ ಮೇಲೇ ಕಣ್ಣು ಬಿಟ್ಟಿದ್ದರು. ಕಲಿಸಿ ಚಾಚಾ ಎಂದರೆ, ಕಲಿಸಾಕೇನೈತೆ, ಅದು ಮಾತಾಡುವಾಗ ನೀವು ಸುಮ್ಮನಿದ್ರೆ ಅರ್ಧ ಪ್ರೋಗ್ರಾಮು ಆದಂಗೆ ಅನ್ನುತ್ತಿದ್ದರು. ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಅದರ ಪರಿಣಾಮ ಏನಾಗಬಹುದಿತ್ತು ಎಂದು ತಿಳಿದದ್ದು ಮೊಳಕಾಲ್ಮೂರಿನಲ್ಲಿ.

ಅದು ಮೂರು ವರ್ಷದ ಹಿಂದಿನ ಬೇಸಿಗೆ ರಜೆ. ಮೊಳಕಾಲ್ಮೂರಿನ ಒಬ್ಬ ನೇಕಾರ ತೀರಿಕೊಂಡು ಮೂರು ತಿಂಗಳಾಗಿತ್ತು. ಮಗ್ಗದ ಮೇಲೆ ಒಂದು ರೇಷ್ಮೆ ಸೀರೆ ಅರ್ಧಕ್ಕೆ ನಿಂತಿತ್ತು. ಅವನ ಹೆಂಡತಿ, ನಲವತ್ತರ ಆಸುಪಾಸಿನ ಹೆಂಗಸು, ತಾನೇ ಕೂತು ಸೀರೆಯ ಮೈಯನ್ನೆಲ್ಲ ನೇಯ್ದು ಮುಗಿಸಿದ್ದರು. ಉಳಿದದ್ದು ಸೆರಗು. ಹಿಂದೆಲ್ಲ ಸೀರೆಯ ಚಿತ್ರವನ್ನು ಮಗ್ಗಕ್ಕೆ ಹೇಳುತ್ತಿದ್ದದ್ದು ತೂತು ಹೊಡೆದ ರಟ್ಟಿನ ಪಟ್ಟಿಗಳು. ತೂತಿದ್ದ ಕಡೆ ಕೊಕ್ಕೆ ಏಳುತ್ತದೆ, ಕೊಕ್ಕೆಯ ಜೊತೆ ಎಳೆ ಏಳುತ್ತದೆ. ಈ ಮನೆಯಲ್ಲಿ ರಟ್ಟಿನ ಬದಲು ಒಂದು ಕಬ್ಬಿಣದ ಪೆಟ್ಟಿಗೆಯಿತ್ತು. ನೇಕಾರ ಕಂಪ್ಯೂಟರಿನಲ್ಲಿ ಚಿತ್ರ ಬರೆದು ವೈರಿನ ಮೂಲಕ ಪೆಟ್ಟಿಗೆಗೆ ತುಂಬಿದ್ದ. ಮೈ ಮುಗಿಯಿತು, ಇನ್ನು ಸೆರಗಿಗೆ ಹೋಗು ಎಂದು ಪೆಟ್ಟಿಗೆಗೆ ಹೇಳಬೇಕಾದದ್ದು ಕಂಪ್ಯೂಟರು. ಆ ಕಂಪ್ಯೂಟರು ಒಂದು ಗುಡುಗಿನ ಮಳೆಗೆ ಸುಟ್ಟು ಕರಕಲಾಗಿತ್ತು. ಬೇರೆ ಕಂಪ್ಯೂಟರಿಗೆ ಪೆಟ್ಟಿಗೆಯ ಗುರುತು ಹತ್ತಲಿಲ್ಲ. ಪೆಟ್ಟಿಗೆ ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಒಳಗಿನ ಸೆಲ್ಲು ಬೇರೆ ಸೋತಿತ್ತು. ಅದು ಸತ್ತರೆ ಪೆಟ್ಟಿಗೆ ಎಲ್ಲವನ್ನೂ ಮರೆಯುತ್ತದೆ.

ಇನ್ನೂ ಒಂದು ತೊಡಕಿತ್ತು. ಸೆರಗಿನ ಚಿತ್ರವನ್ನು ಆ ಪೆಟ್ಟಿಗೆ ಬಿಟ್ಟು ಬೇರೆ ಯಾರೂ ನೋಡಿರಲಿಲ್ಲ. ಹೆಂಡತಿ ಕೇಳಿದಾಗೆಲ್ಲ ಅವನು, ಸೆರಗಿಗೆ ಬಂದಾಗ ನೋಡುವಿಯಂತೆ ಬಿಡು ಎಂದು ನಗುತ್ತಿದ್ದನಂತೆ. ಇಪ್ಪತ್ತು ವರ್ಷ ಊರಿನವರಿಗೆಲ್ಲ ರೇಷ್ಮೆ ನೇಯ್ದ ಮನೆಯಲ್ಲಿ ಆಕೆಗೆಂದು ಒಂದು ರೇಷ್ಮೆ ಸೀರೆ ಉಳಿದಿರಲಿಲ್ಲ. ಇದು ಮಾರೋದಲ್ಲ, ನಿನಗೆ ಎಂದು ಮಗ್ಗ ಹೂಡಿದ್ದನಂತೆ. ಆಕೆಯ ಮೈದುನ ಒಳ್ಳೆಯ ಮನುಷ್ಯನೇ. ಪೆಟ್ಟಿಗೆಯನ್ನು ಒಂದು ಸಲ ಪೂರ್ತಿ ಅಳಿಸಿ, ನವಿಲೋ ಮಾವಿನಕಾಯಿಯೋ ತುಂಬಿ ಸೀರೆ ಮುಗಿಸೋಣ ಅತ್ತಿಗೆ ಎಂದು ಹೇಳುತ್ತಿದ್ದ. ಆಕೆ ಒಪ್ಪಿರಲಿಲ್ಲ. ಕೊನೆಗೆ ಅವನೇ ಚಾಚಾನಿಗೆ ಫೋನು ಮಾಡಿದ. ಪೆಟ್ಟಿಗೆಯ ಮೇಲಿನ ಇಂಗ್ಲಿಷು ಓದಿ ಹೇಳಲು ಚಾಚಾ ನನ್ನನ್ನು ಜೊತೆಗೆ ಕರೆದರು. ನಾನು ಇದನ್ನೇ ನನ್ನ ಪದವಿಗೆ ಸಂದ ಗೌರವವೆಂದು ತಿಳಿದು ಬಸ್ಸು ಹತ್ತಿದೆ. ಬಿ.ಜಿ. ಕೆರೆ ದಾಟುವ ತನಕ ಹೇಗೆ ಮಾಡಬೇಕೆಂದು ಅವರಿಗೇ ಪಾಠ ಹೇಳಿದೆ. ಅವರು ಏಲಕ್ಕಿ ಅಗಿಯುತ್ತ ಕೂತಿದ್ದರು.

ಮನೆಗೆ ಹೋದಾಗ ಆಕೆ ಮಜ್ಜಿಗೆ ಕೊಟ್ಟು, ಮಗ್ಗದ ಪಕ್ಕ ನಿಂತು ಒಂದೇ ಮಾತು ಹೇಳಿದರು. “ಉಡ್ತೀನೋ ಬಿಡ್ತೀನೋ ಅದು ಆಮೇಲಿನ ಮಾತು. ಅವರು ಅದ್ರಾಗೆ ಏನು ಇಟ್ಟವ್ರೆ ಅಂತ ನಾನು ನೋಡಬೇಕ್ರಿ.”

ಚಾಚಾ ಮಗ್ಗದ ಮುಂದೆ ನೆಲದ ಮೇಲೆ ಕೂತರು. ಲ್ಯಾಪ್‌ಟಾಪಿಗೆ ವೈರು ಚುಚ್ಚಿ ಮೊದಲು ಹೆಸರು ಕೇಳಿದರು. ಪೆಟ್ಟಿಗೆ ಎರಡು ಸಂಖ್ಯೆ ಹೇಳಿತು. ನೋಟುಪುಸ್ತಕದಲ್ಲಿ ಆ ಮನೆತನ ಇರಲಿಲ್ಲ. ಇನ್ನು ಅದು ಯಾವ ವೇಗದಲ್ಲಿ ಮಾತಾಡುತ್ತದೆ ಎಂದು ಹಿಡಿಯಬೇಕು. ಎರಡೂ ಕಡೆಯ ವೇಗ ಹೊಂದದಿದ್ದರೆ ಕೇಳುವುದೆಲ್ಲ ಗಜಿಬಿಜಿ. ನಾನು, ಒಂದೊಂದೇ ವೇಗದಲ್ಲಿ ಏನಾದರೂ ಕಳಿಸಿ ನೋಡೋಣ, ಯಾವುದಕ್ಕೆ ಉತ್ತರ ಬರುತ್ತೋ ಅದೇ ಅಂದೆ. ಚಾಚಾ ತಲೆಯಾಡಿಸಿದರು.

“ಬ್ಯಾಡ್ರಿ. ತಪ್ಪು ವೇಗದಾಗೆ ನಾವು ನಮಸ್ಕಾರ ಅಂದ್ರೆ ಅದಕ್ಕೆ ಎಲ್ಲಾ ಅಳಿಸು ಅಂದಂಗೆ ಕೇಳಿದ್ರೆ ಏನು ಮಾಡ್ತೀರಿ? ಮೊದಲು ಅದೇ ಮಾತಾಡ್ಲಿ.”

ನಮ್ಮ ಕಡೆಯ ಅಂಗಡಿಗಳಲ್ಲಿ ಗುರುತಿಲ್ಲದ ಗಿರಾಕಿ ಬಂದರೆ ಯಾರೂ ತಟ್ಟನೆ ಬಾಯಿ ಬಿಡುವುದಿಲ್ಲ. ಆಸಾಮಿ ಕನ್ನಡದವನೋ, ತೆಲುಗಿನವನೋ, ಉರ್ದುವಿನವನೋ ಎಂದು ಅವನ ಬಾಯಿಂದ ಒಂದು ಮಾತು ಉದುರುವ ತನಕ ಕಾಯುತ್ತಾರೆ. ಬಿದ್ದ ಮಾತು ಹಿಡಿದು ಅದೇ ಭಾಷೆಯಲ್ಲಿ ಬನ್ನಿ ಅನ್ನುತ್ತಾರೆ. ನಾನೂ ಅದನ್ನು ನೋಡಿಯೇ ಬೆಳೆದವಳು. ಯಂತ್ರದ ಮುಂದೆ ಅದು ನೆನಪಾಗಲಿಲ್ಲ ನೋಡಿ. ಚಾಚಾ ಆಕೆಗೆ ಮಗ್ಗದ ಕಾಲಡಿಯ ಹಲಗೆಯನ್ನು ಒಂದು ಸಲ ತುಳಿಯಲು ಹೇಳಿದರು. ತುಳಿದಾಗೆಲ್ಲ ಪೆಟ್ಟಿಗೆ ತಾನಾಗಿಯೇ ಏನೋ ಹೇಳುತ್ತಿತ್ತು. ಇವರು ಒಂದೊಂದು ವೇಗಕ್ಕೆ ಕಿವಿ ಬದಲಿಸುತ್ತ ಕೇಳಿದರು. ಆಕೆ ಮೂವತ್ತು ಸಲ ತುಳಿದಿರಬೇಕು. ಸ್ಕ್ರೀನಿನ ಮೇಲೆ ಕಸ, ಕಸ, ಮತ್ತೆ ಕಸ. ಆಮೇಲೆ ಇದ್ದಕ್ಕಿದ್ದಂತೆ ಸ್ವಚ್ಛವಾದ ನಾಲ್ಕು ಅಂಕಿ. ಇನ್ನೊಮ್ಮೆ ತುಳಿದರೂ ಅವೇ ನಾಲ್ಕು. ಹಾ, ಈಗ ಭಾಷೆ ಸಿಕ್ಕಿತು ಎಂದು ಚಾಚಾ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಕಳಿಸಿದರು. ಪೆಟ್ಟಿಗೆ ಉತ್ತರವಾಗಿ ನಾಲ್ಕು ಇಂಗ್ಲಿಷ್ ಅಕ್ಷರ ಕೊಟ್ಟಿತು. ಅದಕ್ಕೆ ಗೊತ್ತಿದ್ದ ನಾಲ್ಕು ಕೆಲಸಗಳವು.

ಅಕ್ಷರಗಳನ್ನು ಕಂಡದ್ದೇ ನಾನು ಕುಣಿದೆ. ಇಂಥ ಅಕ್ಷರ ಅಂದರೆ ಇದ್ದದ್ದನ್ನು ಓದಿ ಕೊಡು ಎಂದೇ ಅರ್ಥ, ಪ್ರಪಂಚದಲ್ಲೆಲ್ಲ ಹಾಗೇ, ಕಳಿಸಿ ಚಾಚಾ ಅಂದೆ. ನನ್ನ ಬೆರಳು ಕೀಲಿಯ ಮೇಲೇ ಇತ್ತು. ಅವರು ನನ್ನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. ಹೆಣ್ಣು ಕೊಡೋ ಮುಂಚೆ ಗಂಡಿನ ನಂಟರನ್ನು ವಿಚಾರಿಸಲ್ವಾ ಎಂದರು. ಇದೇ ಮನೆತನದ ಇನ್ನೊಂದು ಪೆಟ್ಟಿಗೆ, ಇದರ ನಂಟ ಒಬ್ಬ, ಈ ಊರಿನಲ್ಲಿ ಇದ್ದೇ ಇರಬೇಕು, ಅವನನ್ನು ಕೇಳಿ ಆಮೇಲೆ ಇದನ್ನು ಮಾತಾಡಿಸೋಣ ಎಂದು ಎದ್ದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಸೆಲ್ಲು ಸಾಯುತ್ತಿದೆ, ಈ ಮುದುಕ ನಂಟಸ್ತನ ಹುಡುಕಲು ಹೊರಟಿದ್ದಾರೆ ಎಂದು ಗೊಣಗಿಕೊಂಡು ಒಬ್ಬಳೇ ಬಸ್ಸು ಹತ್ತಿ ಬಂದೆ.

ಚಾಚಾ ಅಲ್ಲೇ ಉಳಿದರು. ಪರಿಚಯದವರ ಮನೆಯಲ್ಲಿ ತಂಗಿ, ಎರಡು ದಿನ ಮೊಳಕಾಲ್ಮೂರಿನ ಮಗ್ಗದ ಬೀದಿಗಳನ್ನೆಲ್ಲ ಸುತ್ತಿದರಂತೆ. ಆಗಲೇ ಅವರಿಗೆ ಮಂಡಿನೋವು. ಮನೆಮನೆಯ ಬಾಗಿಲಲ್ಲಿ ನಿಂತು, ಇಂಥ ಪೆಟ್ಟಿಗೆ ಇತ್ತೇನಮ್ಮಾ ನಿಮ್ಮಲ್ಲಿ ಎಂದು ತೆಲುಗಿನಲ್ಲಿ ಕೇಳಿದರು. ಮೂರನೇ ದಿನ ನನಗೆ ಫೋನು ಬಂತು. ಒಂದು ಮನೆಯಲ್ಲಿ ಅದೇ ಪೆಟ್ಟಿಗೆ ಸಿಕ್ಕಿತ್ತು, ಟಿವಿಗೆ ಮಣೆಯಾಗಿ ಕೂತಿತ್ತು. ಒಳಗೆ ಒಂದು ಹಳೇ ನವಿಲಿನ ಚಿತ್ರವಿದೆ, ಆದರೆ ನಮಗೆ ಅದು ಬೇಡ, ಏನು ಬೇಕಾದರೂ ಮಾಡಿಕೊಳ್ಳಿ ಅಂದಿದ್ದರು. ನಾನು ಹೋಗುವ ತನಕ ಚಾಚಾ ಅದನ್ನು ಮುಟ್ಟಿರಲಿಲ್ಲ.

ನಂಟ ಪೆಟ್ಟಿಗೆಗೆ ಒಂದೊಂದೇ ಅಕ್ಷರ ಕಳಿಸಿದರು. ಒಂದಕ್ಕೆ ದೀಪ ಹತ್ತಿ ಆರಿತು. ಇನ್ನೊಂದಕ್ಕೆ ಕೊಕ್ಕೆಯ ಕಡೆ ಟಿಕ್ ಎಂದಿತು, ಚಿತ್ರದಲ್ಲಿ ಒಂದು ಸಾಲು ಮುಂದೆ ಹೋಗುವ ಮಾತು ಅದು. ಮೂರನೆಯದಕ್ಕೆ ಮೇಲಿಂದ ಕೆಳಗೆ ಅಂಕಿಗಳು ಸುರಿದವು, ಅಷ್ಟೂ ನವಿಲು. ಚಾಚಾ ನನ್ನ ಕಡೆ ತಿರುಗಿ, ನೀವು ಹೇಳಿದ್ದು ಒಂದು ಉಳೀತು, ನೀವೇ ಕಳಿಸ್ರಿ ಅಂದರು. ಕಳಿಸಿದೆ. ಏನೂ ಆಗಲಿಲ್ಲ ಅನ್ನಿಸಿತು. ಮತ್ತೆ ನವಿಲನ್ನು ಕೇಳಿದರೆ ಪೆಟ್ಟಿಗೆ ಬರೀ ಸೊನ್ನೆ ಕೊಟ್ಟಿತು. ಆದಿಯಿಂದ ಅಂತ್ಯದ ತನಕ ಸೊನ್ನೆ. ನಾನು ಖಂಡಿತ ಇದೇ ಅಂದಿದ್ದ ಅಕ್ಷರ ಎಲ್ಲವನ್ನೂ ಅಳಿಸುವ ಅಕ್ಷರವಾಗಿತ್ತು. ಮೂರು ದಿನದ ಹಿಂದೆ ನನ್ನ ಬೆರಳು ಆ ಕೀಲಿಯ ಮೇಲೆ ಎಷ್ಟು ಹಗುರಾಗಿ ಕೂತಿತ್ತು ಎಂದು ನೆನೆದು ಕೈಯನ್ನು ಹಿಂದಕ್ಕೆಳೆದುಕೊಂಡೆ. ಚಾಚಾ ನನ್ನ ಮುಖ ನೋಡಲಿಲ್ಲ. ವೈರು ಸುತ್ತಿಕೊಳ್ಳುತ್ತ, ನಡೀರಿ, ಆಯಮ್ಮ ಕಾಯ್ತಿರ್ತಾಳೆ ಅಂದರು. ಇನ್ನೊಬ್ಬರಾಗಿದ್ದರೆ ನನ್ನನ್ನು ಜನ್ಮಪೂರ್ತಿ ಹಂಗಿಸುತ್ತಿದ್ದರು.

ಮತ್ತೆ ಆ ಮಗ್ಗದ ಮುಂದೆ ಕೂತೆವು. ಚಾಚಾ ಸರಿಯಾದ ಅಕ್ಷರ ಕಳಿಸಿದರು. ಅಂಕಿಗಳು ಬಂದವು. ಕೆಲವು ಕಡೆ ಪೆಟ್ಟಿಗೆ ತಡವರಿಸಿ ನಿಂತಾಗ ನಾನು ಸ್ಕ್ರೀನಿಗೆ ಮೂಗು ತಾಗಿಸುತ್ತಿದ್ದೆ. ಇವರು ಮಾತ್ರ ವಯಸ್ಸಾದವರ ಮಾತು ಕೇಳುವಂತೆ ಅವಸರ ಮಾಡದೆ, ನಿಂತಲ್ಲಿಂದ ಮತ್ತೆ ಕೇಳುತ್ತಿದ್ದರು. ಅಷ್ಟೂ ಬಂದು ಮುಗಿದ ಮೇಲೆ ಅದನ್ನು ಚಿತ್ರವಾಗಿ ಜೋಡಿಸಬೇಕು. ಒಂದು ಸಾಲಿಗೆ ಎಷ್ಟು ಚುಕ್ಕಿ ಎಂದು ನನ್ನನ್ನು ಕೇಳಿದರು. ಇನ್ನೂರ ಐವತ್ತಾರು ಅಂದೆ. ಕಂಪ್ಯೂಟರ್ ಓದಿದವರಿಗೆ ಅದು ದೇವರ ಸಂಖ್ಯೆ, ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ ಸಿಗುತ್ತದೆ. ಜೋಡಿಸಿದರೆ ಗಾಳಿಗೆ ಚೆಲ್ಲಾಡಿದ ಹುಲ್ಲಿನ ಹಾಗೆ ಎಲ್ಲವೂ ಓರೆಯಾಗಿ ಹರಡಿಕೊಂಡಿತು. ಹೋಯಿತು, ಸೆಲ್ಲು ಸೋತು ನೆನಪೆಲ್ಲ ಕಲಸಿಹೋಗಿದೆ ಎಂದು ನಾನು ಹೇಳಿಯೂಬಿಟ್ಟೆ. ಆಕೆ ಮಗ್ಗದ ಕಂಬ ಹಿಡಿದು ನಿಂತವರು ಹಾಗೇ ಕೆಳಗೆ ಕೂತರು.

ಚಾಚಾ ನನ್ನ ಮಾತನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಆಕೆಯ ಕಡೆ ತಿರುಗಿ, “ಎನ್ನಿ ಕೊಕ್ಕೇಲಮ್ಮಾ ಈ ಮಗ್ಗಾನಿಕಿ?” ಎಂದು ಕೇಳಿದರು. ಈ ಮಗ್ಗಕ್ಕೆ ಎಷ್ಟು ಕೊಕ್ಕೆ ಎಂದು. ಇನ್ನೂರ ನಲವತ್ತು ಎಂದರು ಆಕೆ. ಆ ಊರಿನಲ್ಲಿ ಆಡುವ ಮಗುವಿಗೂ ಗೊತ್ತಿರುವ ಸಂಗತಿ. ಪೆಟ್ಟಿಗೆ ಮಾಡಿದವನು ಮಗ್ಗವನ್ನು ನೋಡಿ ಮಾಡಿದ್ದನೇ ಹೊರತು ನನ್ನ ಪುಸ್ತಕವನ್ನು ನೋಡಿ ಮಾಡಿರಲಿಲ್ಲ. ಚಾಚಾ ಒಂದೇ ಒಂದು ಸಂಖ್ಯೆ ಬದಲಿಸಿದರು. ಓರೆಯಾಗಿ ಬಿದ್ದಿದ್ದ ಗೆರೆಗಳೆಲ್ಲ ಒಮ್ಮೆಗೇ ಎದ್ದು ನೆಟ್ಟಗೆ ನಿಂತವು. ನನ್ನ ಜೀವಮಾನದಲ್ಲಿ ನಾನು ಕಂಡ ಅತಿ ದೊಡ್ಡ ಸಂಗತಿ ಅದು.

ಸ್ಕ್ರೀನಿನ ಮೇಲೆ ನವಿಲಿರಲಿಲ್ಲ, ಮಾವಿನಕಾಯಿಯೂ ಇರಲಿಲ್ಲ. ಚುಕ್ಕಿ ಬಳಸಿ ಸುತ್ತಿಕೊಂಡು ಹೋಗುವ ಎಳೆಗಳು, ನಡುವೆ ಎಂಟು ದಳದ ಹೂವು. ನಾನು ಸುಂದರವಾಗಿದೆ ಅಂದೆ. ಆಕೆ ಎದ್ದು ಬಂದು ನೋಡಿದರು. ಸ್ಕ್ರೀನಿನ ಮೇಲೆ ಬೆರಳಿಟ್ಟು ಒಂದು ಎಳೆಯ ಜಾಡು ಹಿಡಿದು ಹೋದರು. ಆಮೇಲೆ, ಇದು ನನ್ನ ಮುಗ್ಗು ಅಂದರು. ತೆಲುಗಿನಲ್ಲಿ ರಂಗೋಲಿಗೆ ಮುಗ್ಗು ಅನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ಆಕೆ ಬಾಗಿಲ ಮುಂದೆ ಹಾಕುತ್ತಿದ್ದ ರಂಗೋಲಿ.

ಆದರೆ ಬಲಗಡೆಯ ಒಂದು ಮೂಲೆಯಲ್ಲಿ ಎಳೆ ಪೂರ್ತಿ ಸುತ್ತಿರಲಿಲ್ಲ. ಮೂರು ಮೂಲೆ ಸರಿಯಿದ್ದವು, ನಾಲ್ಕನೆಯದು ಅರ್ಧಕ್ಕೇ ಮಡಚಿ ಒಳಗೆ ತಿರುಗಿತ್ತು. ಇಲ್ಲಿ ಸ್ವಲ್ಪ ಕಳೆದುಹೋಗಿದೆ, ಪರವಾಗಿಲ್ಲ, ಉಳಿದ ಮೂಲೆ ನೋಡಿಕೊಂಡು ನಾನೇ ತುಂಬುತ್ತೇನೆ ಎಂದು ಕೈ ಚಾಚಿದೆ. ಆಕೆ ತಡೆದರು.

“ತುಂಬಬ್ಯಾಡ್ರಿ ಮೇಡಂ. ಅಲ್ಲಿ ನಲ್ಲಿ ಐತೆ.”

ನನಗೆ ತಿಳಿಯಲಿಲ್ಲ. ಆಕೆ ಬಾಗಿಲ ಹೊರಗೆ ಕೈ ತೋರಿದರು. ಹೊಸ್ತಿಲ ಬಲಗಡೆ ನೆಲದಿಂದ ಎದ್ದ ನೀರಿನ ನಲ್ಲಿ, ಅದರ ಕೆಳಗೆ ಸಿಮೆಂಟಿನ ಕಟ್ಟೆ. ಆ ಕಟ್ಟೆ ಅಡ್ಡ ಬರುವುದರಿಂದ ಆಕೆ ದಿನವೂ ಆ ಮೂಲೆಯ ಎಳೆಯನ್ನು ಒಳಕ್ಕೆ ಮಡಚಿ ಮುಗಿಸುತ್ತಿದ್ದರು. ನೇಕಾರ ಚಿತ್ರದಲ್ಲಿ ಅದನ್ನೂ ಬಿಟ್ಟಿರಲಿಲ್ಲ.

“ದಿನಾ ಅದನ್ನ ದಾಟ್ಕೊಂಡೇ ಹೋಗೋರು. ನಿಂತು ನೋಡಿದ್ದು ನಾನು ಒಂದು ದಿನಾನೂ ಕಂಡಿಲ್ಲ,” ಅಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನಾನೂ ಅತ್ತೆ.

ಚಾಚಾ ಚಿತ್ರವನ್ನು ಎರಡು ಕಡೆ ನಕಲು ಮಾಡಿಟ್ಟರು. ಆಮೇಲೆ ಪೆಟ್ಟಿಗೆಗೆ ಸೆರಗಿನ ಮೊದಲ ಸಾಲು ಕೊಡಲು ಹೇಳಿದರು. ಅಷ್ಟು ದಿನ ಬಂದವರ ಮಾತಿಗೆಲ್ಲ ಮೂಕವಾಗಿದ್ದ ಪೆಟ್ಟಿಗೆ ಕಟಕಟನೆ ಸದ್ದು ಮಾಡಿತು, ಮೇಲೆ ಕೊಕ್ಕೆಗಳ ಸಾಲು ಎದ್ದು ನಿಂತಿತು. ಆಕೆ ಮುಖ ತೊಳೆದು ಬಂದು ಮಗ್ಗದಲ್ಲಿ ಕೂತು ಲಾಳಿ ಕೈಗೆ ತೆಗೆದುಕೊಂಡರು. ಹತ್ತಿಪ್ಪತ್ತು ಎಳೆ ಬೀಳುವ ತನಕ ನೋಡುತ್ತಿದ್ದು, ಇನ್ನು ತೊಂದರೆಯಿಲ್ಲ ಎಂದು ಚಾಚಾ ಎದ್ದರು.

ಬಸ್ಸಿಗೆ ಹೊತ್ತಾಗಿತ್ತು. ನಾನು ಅವಸರದಲ್ಲಿ ಹೊಸ್ತಿಲು ದಾಟಲು ಕಾಲೆತ್ತಿದೆ. ಚಾಚಾ ನನ್ನ ತೋಳು ಹಿಡಿದು ನಿಲ್ಲಿಸಿದರು. ಬಾಗಿಲ ಮುಂದೆ ಬರೀ ಒಣ ನೆಲ. ಗಂಡ ಹೋದ ಮೇಲೆ ಆಕೆ ರಂಗೋಲಿ ಹಾಕುವುದನ್ನೇ ನಿಲ್ಲಿಸಿದ್ದರು. ಚಾಚಾ ಚಪ್ಪಲಿ ಕೈಯಲ್ಲಿ ಹಿಡಿದು, ನೋಯುವ ಮಂಡಿ ಊರಿಕೊಂಡು ನಲ್ಲಿಯ ಕಟ್ಟೆಯ ಮೇಲೆ ಹತ್ತಿದರು. ಅಲ್ಲಿಂದ ಆಚೆಗೆ ಇಳಿದು, ಆ ಬರೀ ನೆಲವನ್ನು ತುಳಿಯದೆ ಬೀದಿಗೆ ಹೋದರು. ನಾನೂ ಚಪ್ಪಲಿ ಬಿಚ್ಚಿ ಅವರ ಹಿಂದೆ ಕಟ್ಟೆ ಹತ್ತಿದೆ.